ಆರು ವಿದ್ಯಾರ್ಥಿಗಳ ಜೋಲಿಯೆಟ್‌ನಿಂದ ಇಂದಿನ ಕಮ್ಯೂನಿಟಿ ಕಾಲೇಜಿನವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮತ್ತು ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವ ಯೋಚನೆಯಲ್ಲಿರುವ ತಂದೆತಾಯಿಗಳು ಕಮ್ಯೂನಿಟಿ ಕಾಲೇಜಿನ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲ ಅರ್ಧದಲ್ಲಿ ಈ ಕಾಲೇಜುಗಳು ಹೇಗೆ ಹುಟ್ಟಿದವು, ಹೇಗೆ ಬೆಳೆದವು ಎಂಬುದಿದೆ. ಇತಿಹಾಸ ಬೇಡ, ನೇರವಾಗಿ ಸೇರುವ ವಿಷಯ ಸಾಕು ಅನ್ನುವವರೂ ಅದನ್ನು ಒಮ್ಮೆ ಓದಬೇಕೆಂದು ನಮ್ಮ ಕೋರಿಕೆ. ಇವತ್ತು ಅಲ್ಲಿ ಎದುರಾಗುವ ಅರ್ಧಕ್ಕರ್ಧ ನಿಯಮಗಳ ಬೇರು ಅಲ್ಲೇ ಇದೆ.

ಕಮ್ಯೂನಿಟಿ ಕಾಲೇಜು, ಜೂನಿಯರ್ ಕಾಲೇಜು ಅಂದರೆ ನಮ್ಮ ಪಿಯು ಕಾಲೇಜೇ ತಾನೆ?

ಅಲ್ಲ. ಕರ್ನಾಟಕದಲ್ಲಿ ಪಿಯುಸಿಯನ್ನು ಜೂನಿಯರ್ ಕಾಲೇಜು ಅಂತ ಕರೆದು ರೂಢಿಯಾಗಿರುವುದರಿಂದ ಈ ಗೊಂದಲ. ನಮ್ಮ ಪಿಯುಸಿ 11 ಮತ್ತು 12ನೇ ವರ್ಷದ ಓದು. ಅಮೆರಿಕದ ಜೂನಿಯರ್ ಕಾಲೇಜು 13 ಮತ್ತು 14ನೇ ವರ್ಷದ್ದು, ಅಂದರೆ ಸೆಕೆಂಡ್ ಪಿಯುಸಿ ಮುಗಿದ ಮೇಲೆ ಬರುವ ಡಿಗ್ರಿಯ ಮೊದಲ ಎರಡು ವರ್ಷ.

ಹುಟ್ಟಿದ ರೀತಿಯಲ್ಲಿ ಮಾತ್ರ ಎರಡಕ್ಕೂ ಹೋಲಿಕೆ ಇದೆ. ನಮ್ಮ ತಾಲ್ಲೂಕುಗಳ ಎಷ್ಟೋ ಸರ್ಕಾರಿ ಪಿಯು ಕಾಲೇಜುಗಳು ಹೈಸ್ಕೂಲಿನ ಆವರಣದಲ್ಲೇ, ಹೈಸ್ಕೂಲಿನ ಕೋಣೆಗಳಲ್ಲೇ ಶುರುವಾದವು. ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ಹುಟ್ಟಿದ್ದೂ ಹೀಗೆಯೇ.

ಆ ಮೊದಲ ಕಾಲೇಜು ಎಲ್ಲಿ, ಹೇಗೆ ಶುರುವಾಯಿತು?

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ, 1901ರಲ್ಲಿ. ಶಿಕಾಗೋದಿಂದ ನೈರುತ್ಯಕ್ಕೆ ಸುಮಾರು 60 ಕಿಲೋಮೀಟರ್ ದೂರದ ಈ ಊರು ಆಗ ಸುಣ್ಣಕಲ್ಲಿನ ಗಣಿ, ಉಕ್ಕಿನ ಕಾರ್ಖಾನೆ, ಕಾಲುವೆ ಮತ್ತು ರೈಲಿನ ಊರು. ದುಡಿಯುವ ಜನರೇ ಹೆಚ್ಚು.

ಇಬ್ಬರ ಯೋಚನೆ ಅಲ್ಲಿ ಒಂದಾಯಿತು. ಒಬ್ಬರು ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ನಾಲ್ಕು ವರ್ಷದ ಡಿಗ್ರಿಯನ್ನು ಅವರು ಎರಡೆರಡು ವರ್ಷದ ಎರಡು ಭಾಗ ಮಾಡಿ, 1896ರಲ್ಲಿ ಮೊದಲ ಭಾಗಕ್ಕೆ ಜೂನಿಯರ್ ಕಾಲೇಜು, ಎರಡನೆಯದಕ್ಕೆ ಸೀನಿಯರ್ ಕಾಲೇಜು ಎಂಬ ಹೆಸರಿಟ್ಟಿದ್ದರು. ಮೊದಲ ಎರಡು ವರ್ಷದ ಪಾಠಕ್ಕೆ ದೊಡ್ಡ ವಿಶ್ವವಿದ್ಯಾಲಯವೇ ಆಗಬೇಕೆಂದಿಲ್ಲ, ಅದು ಹುಡುಗರ ಊರಲ್ಲೇ ನಡೆಯಬಹುದು ಎಂಬುದು ಅವರ ವಾದ. ಇನ್ನೊಬ್ಬರು ಜೋಲಿಯೆಟ್ ಟೌನ್‌ಶಿಪ್ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್. ಓದುವ ಆಸೆ ಇದ್ದೂ ಮನೆ ಬಿಟ್ಟು ಹೋಗಲಾಗದ ಮಕ್ಕಳನ್ನು ಅವರು ದಿನವೂ ನೋಡುತ್ತಿದ್ದರು.

ಹೈಸ್ಕೂಲು ಮುಗಿಸಿದವರಿಗೆ ಅದೇ ಶಾಲೆಯಲ್ಲಿ ಕಾಲೇಜು ಮಟ್ಟದ ಪಾಠ ಶುರುವಾಯಿತು. ಮೊದಲ ತಂಡದಲ್ಲಿ ಇದ್ದವರು ಆರೇ ಜನ. ಅದೇ ವರ್ಷ ತೆರೆದಿದ್ದ ಸುಣ್ಣಕಲ್ಲಿನ ಹೊಸ ಹೈಸ್ಕೂಲ್ ಕಟ್ಟಡವೇ ಆಸರೆ. ಬೇರೆ ಕಟ್ಟಡವಿಲ್ಲ, ಬೇರೆ ಬೋರ್ಡಿಲ್ಲ, ಬೇರೆ ಹೆಸರೂ ಇಲ್ಲ. 1902ರ ಕೊನೆಗೆ ಶಾಲೆಯ ಆಡಳಿತ ಮಂಡಳಿ ಈ ಮೇಲಿನ ತರಗತಿಗಳಿಗೆ ಬೋಧನಾ ಶುಲ್ಕ ಬೇಡ ಎಂದು ನಿರ್ಧರಿಸಿತು. ಊರಿನ ತೆರಿಗೆಯಿಂದ ನಡೆಯುವ ಶಾಲೆ ಊರಿನ ಮಕ್ಕಳಿಗೆ ಎರಡು ವರ್ಷ ಹೆಚ್ಚಿಗೆ ಕಲಿಸಬೇಕು ಎಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಆರು ಜನರ ತರಗತಿ ಉಳಿದುಕೊಂಡದ್ದು ಹೇಗೆ?

ಪಾಠ ಶುರು ಮಾಡುವುದು ಕಷ್ಟವಲ್ಲ, ಆ ಪಾಠವನ್ನು ಇನ್ನೊಂದು ಕಡೆ ಒಪ್ಪಿಸುವುದು ಕಷ್ಟ. ಇಲ್ಲಿ ಎರಡು ವರ್ಷ ಓದಿದವನನ್ನು ವಿಶ್ವವಿದ್ಯಾಲಯ ಮತ್ತೆ ಮೊದಲ ವರ್ಷಕ್ಕೇ ಕೂರಿಸಿದರೆ ಮುಂದಿನ ವರ್ಷ ಯಾರೂ ಸೇರುವುದಿಲ್ಲ. ಜೋಲಿಯೆಟ್‌ನ ಪಾಠ ಮೊದಲಿನಿಂದಲೂ ವಿಶ್ವವಿದ್ಯಾಲಯದ ಮೊದಲೆರಡು ವರ್ಷಕ್ಕೆ ಸಮನಾಗಿರಬೇಕು ಎಂಬ ಅಳತೆಯಲ್ಲೇ ನಡೆಯಿತು. ಮುಂದೆ ಜೋಲಿಯೆಟ್ ಜೂನಿಯರ್ ಕಾಲೇಜು ಎಂಬ ಹೆಸರು ಅಧಿಕೃತವಾಯಿತು, 1917ರಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ನಾರ್ತ್ ಸೆಂಟ್ರಲ್ ಅಸೋಸಿಯೇಷನ್ನಿನ ಮಾನ್ಯತೆಯೂ ಸಿಕ್ಕಿತು.

ಕಟ್ಟಡಕ್ಕಿಂತ ಮೊದಲು ಮಾನ್ಯತೆ, ಜಾಹೀರಾತಿಗಿಂತ ಮೊದಲು ಕ್ರೆಡಿಟ್‌ಗೆ (ಓದಿದ ಪಾಠದ ಅಳತೆಗೆ) ಬೆಲೆ. ಇಂಥ ಕಾಲೇಜು ಬೆಳೆಯುವ ಕ್ರಮವೇ ಇದು ಎಂದು ನಾವು ಖಚಿತವಾಗಿ ನಂಬುತ್ತೇವೆ. ಇಂದು ಕಾಲೇಜು ಆರಿಸುವವರೂ ಇದೇ ಕ್ರಮದಲ್ಲಿ ವಿಚಾರಿಸಬೇಕು.

ಸ್ವಂತ ಜಾಗಕ್ಕೆ ಹೋದದ್ದು ಯಾವಾಗ?

ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜು ಹೈಸ್ಕೂಲಿನ ಸೂರಿನಡಿಯೇ ಇತ್ತು. 1965ರಲ್ಲಿ ಇಲಿನಾಯ್ ರಾಜ್ಯ ಕಾನೂನು ಮಾಡಿ, ಜೂನಿಯರ್ ಕಾಲೇಜುಗಳು ಹೈಸ್ಕೂಲ್ ಮಂಡಳಿಯಿಂದ ಬಿಡಿಸಿಕೊಂಡು ತಮ್ಮದೇ ಡಿಸ್ಟ್ರಿಕ್ಟ್ (ತೆರಿಗೆ, ಆಡಳಿತಕ್ಕೆಂದು ಗೆರೆ ಹಾಕಿದ ಪ್ರದೇಶ) ರಚಿಸಿಕೊಳ್ಳಲು ದಾರಿ ಮಾಡಿತು. 1967ರಲ್ಲಿ ಜೋಲಿಯೆಟ್‌ಗೆ 525 ಸಂಖ್ಯೆಯ ಡಿಸ್ಟ್ರಿಕ್ಟ್ ಸಿಕ್ಕಿತು, 1969ರಲ್ಲಿ ಊರ ಹೊರಗಿನ ಹೌಬೋಲ್ಟ್ ರಸ್ತೆಯ ಜಾಗದಲ್ಲಿ ತಾತ್ಕಾಲಿಕ ಕಟ್ಟಡಗಳಲ್ಲಿ ತರಗತಿ ನಡೆದವು. ಶಾಶ್ವತ ಕಟ್ಟಡಗಳು ಆಮೇಲೆ ಬಂದವು. ಇಂದು ರೋಮಿಯೋವಿಲ್, ಮಾರಿಸ್ ಮುಂತಾದ ಕಡೆಯೂ ಕೇಂದ್ರಗಳಿವೆ, ಜೋಲಿಯೆಟ್ ಪೇಟೆಯ ನಡುವೆ ಆರು ಅಂತಸ್ತಿನ ಕಟ್ಟಡವಿದೆ, ಕೃಷಿ ಕಲಿಸಲು ಹೊಲವಿದೆ.

ಆ ರಸ್ತೆಗೆ ಜಾನ್ ಹೌಬೋಲ್ಟ್ ಹೆಸರು. ಜೋಲಿಯೆಟ್‌ನಲ್ಲಿ ಬೆಳೆದು, ಇದೇ ಜೂನಿಯರ್ ಕಾಲೇಜಿನಲ್ಲಿ ಓದಿ, ಇಲಿನಾಯ್ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಹೋದ ಎಂಜಿನಿಯರ್ ಅವರು. ಚಂದ್ರನ ಕಕ್ಷೆಯಲ್ಲಿ ಒಂದು ನೌಕೆಯನ್ನು ಬಿಟ್ಟು ಇನ್ನೊಂದು ಸಣ್ಣ ನೌಕೆಯಲ್ಲಿ ಇಳಿಯಬೇಕು ಎಂದು ನಾಸಾದಲ್ಲಿ ಪಟ್ಟು ಹಿಡಿದು ವಾದಿಸಿ ಗೆದ್ದವರು. ಅಪೊಲೊ 11 ಆ ದಾರಿಯಲ್ಲೇ ಇಳಿಯಿತು, ಅದೂ 1969ರಲ್ಲೇ.

ದುಡ್ಡು ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಮೂರು ಕಡೆಯಿಂದ: ಡಿಸ್ಟ್ರಿಕ್ಟಿನ ಆಸ್ತಿ ತೆರಿಗೆ, ರಾಜ್ಯದ ಅನುದಾನ, ವಿದ್ಯಾರ್ಥಿಗಳ ಶುಲ್ಕ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಕಂದಾಯ ಜಿಲ್ಲೆ ಅಲ್ಲ, ಕಾಲೇಜಿಗೆಂದೇ ಗೆರೆ ಹಾಕಿದ ಪ್ರದೇಶ. ಜೋಲಿಯೆಟ್‌ನದು ಏಳು ಕೌಂಟಿಗಳಿಗೆ ಹರಡಿದೆ. ಆಡಳಿತಕ್ಕೆ ಆ ಪ್ರದೇಶದ ಮತದಾರರು ಏಳು ಟ್ರಸ್ಟಿಗಳನ್ನು ಆರಿಸುತ್ತಾರೆ. ಕಟ್ಟಡ ಕಟ್ಟಲು ಬಾಂಡ್ ಮೂಲಕ ಸಾಲ ಎತ್ತುವುದುಂಟು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. 2000ದಲ್ಲಿ ಮತದಾರರು ಒಪ್ಪಿದ 39ನೇ ಪ್ರಸ್ತಾವನೆಯ ನಂತರ, ಅದರ ಷರತ್ತು ಪಾಲಿಸಿದರೆ, 55 ಪ್ರತಿಶತ ಸಾಕು.

ಕಡಿಮೆ ಶುಲ್ಕದ ಗುಟ್ಟು ಈ ತೆರಿಗೆಯಲ್ಲಿದೆ. ನೀವು ಆ ಡಿಸ್ಟ್ರಿಕ್ಟಿನಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದರೂ ಬಾಡಿಗೆಯ ಮೂಲಕ ಆ ತೆರಿಗೆ ಕೊಡುತ್ತಿದ್ದೀರಿ. ಹಾಗಾಗಿ ಸಂಕೋಚ ಬೇಡ, ಅದು ನಿಮ್ಮದೇ ಕಾಲೇಜು.

ತೆರಿಗೆ ಕುಸಿದರೆ ಹೊರೆ ಶುಲ್ಕಕ್ಕೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1978ರ 13ನೇ ಪ್ರಸ್ತಾವನೆ ಆಸ್ತಿ ತೆರಿಗೆಯನ್ನು ಬಿಗಿಯಾಗಿ ಕಟ್ಟಿಹಾಕಿತು. ಅಲ್ಲಿಯವರೆಗೆ ರಾಜ್ಯದ ನಿವಾಸಿಗಳಿಗೆ ಏಕರೂಪದ ಶುಲ್ಕವೇ ಇರಲಿಲ್ಲ. 1984ರಲ್ಲಿ ಯೂನಿಟ್‌ಗೆ (ಕ್ರೆಡಿಟ್‌ಗೆ ಅಲ್ಲಿನ ಹೆಸರು) 5 ಡಾಲರ್, ಸೆಮಿಸ್ಟರಿಗೆ ಹೆಚ್ಚೆಂದರೆ 50 ಡಾಲರ್ ಎಂದು ಬಂತು. 2012ರಿಂದ ಯೂನಿಟ್‌ಗೆ 46 ಡಾಲರ್.

ಬೇರೆ ಕಡೆಗೆ ಹರಡಿದ್ದು ಹೇಗೆ?

ಕ್ಯಾಲಿಫೋರ್ನಿಯಾ 1907ರಲ್ಲಿ ಹೈಸ್ಕೂಲುಗಳಿಗೆ ಕಾಲೇಜು ಮಟ್ಟದ ತರಗತಿ ನಡೆಸಲು ಅನುಮತಿ ಕೊಟ್ಟಿತು, 1910ರಲ್ಲಿ ಫ್ರೆಸ್ನೋದಲ್ಲಿ ಮೊದಲನೆಯದು ಶುರುವಾಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ 1944ರ ಜಿಐ ಕಾನೂನು ಓದಿನ ಖರ್ಚು ಕೊಟ್ಟಿತು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ "ಕಮ್ಯೂನಿಟಿ ಕಾಲೇಜು" ಎಂಬ ಹೆಸರನ್ನು ಎಲ್ಲರ ಬಾಯಿಗೆ ತಂದಿತು. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲ್ಯಾನ್ ಮೂರು ಮೆಟ್ಟಿಲು ಗೊತ್ತು ಮಾಡಿತು: ಹೈಸ್ಕೂಲಿನ ಮೇಲಿನ 12.5 ಪ್ರತಿಶತಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಕಲಿಯಬಲ್ಲ ಯಾರಿಗಾದರೂ ಕಮ್ಯೂನಿಟಿ ಕಾಲೇಜು. ಈಗ ಆ ರಾಜ್ಯವೊಂದರಲ್ಲೇ 116 ಇವೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಫುಟ್‌ಹಿಲ್-ಡಿ ಆನ್ಝಾ. ಫುಟ್‌ಹಿಲ್ ಕಾಲೇಜು 1958ರಲ್ಲಿ ಮೌಂಟನ್ ವ್ಯೂನ ಒಂದು ಹಳೇ ಶಾಲಾ ಕಟ್ಟಡದಲ್ಲಿ ಶುರುವಾಗಿ 1961ರಲ್ಲಿ ಲಾಸ್ ಆಲ್ಟೋಸ್ ಹಿಲ್ಸ್‌ನ ಸ್ವಂತ ಆವರಣಕ್ಕೆ ಹೋಯಿತು. ಕುಪರ್ಟಿನೋದ ಡಿ ಆನ್ಝಾ 1967ರಲ್ಲಿ ತೆರೆಯಿತು. 1984ರ ಜನವರಿ 24ರಂದು ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂತಾಷ್ ತೋರಿಸಿದ ಸಭಾಂಗಣ ಈ ಕಮ್ಯೂನಿಟಿ ಕಾಲೇಜಿನದೇ ಆಗಿತ್ತು.

ಕ್ರೆಡಿಟ್ ಲೆಕ್ಕ ಹೇಗೆ?

ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ತರಗತಿ ಮತ್ತು ಎರಡು ಗಂಟೆ ಮನೆಯ ಓದು, ಸುಮಾರು 15 ವಾರ. ಮೂರು ಕ್ರೆಡಿಟ್‌ನ ವಿಷಯಕ್ಕೆ ವಾರಕ್ಕೆ ಒಂಬತ್ತು ಗಂಟೆ ತೆಗೆದಿಡಿ. 15 ಕ್ರೆಡಿಟ್ ತೆಗೆದುಕೊಂಡರೆ 45 ಗಂಟೆ. ಇದರ ಜೊತೆ ಕೆಲಸವನ್ನೂ ಮಾಡುತ್ತೇನೆ ಅನ್ನುವವರು ಮೊದಲ ಸೆಮಿಸ್ಟರಿನಲ್ಲೇ ಸೋಲುವುದು ಬುದ್ಧಿ ಸಾಲದೆ ಅಲ್ಲ, ಗಂಟೆ ಸಾಲದೆ. ಎಂಟು ವಾರದ ಬೇಸಿಗೆ ತರಗತಿಯಲ್ಲಿ ಅದೇ ಪಾಠ, ಅರ್ಧ ಸಮಯ. ವಾರದ ಗಂಟೆ ಹೆಚ್ಚುಕಡಿಮೆ ಎರಡು ಪಟ್ಟು ಹಾಕಿಕೊಳ್ಳಿ.

ಈ ಎರಡು ವರ್ಷದ ಓದಿಗೆ ಸಿಗುವ ಅಸೋಸಿಯೇಟ್ ಡಿಗ್ರಿಗೆ ಸಾಮಾನ್ಯವಾಗಿ 60 ಸೆಮಿಸ್ಟರ್ ಕ್ರೆಡಿಟ್ ಬೇಕು. ಡಿ ಆನ್ಝಾ, ಫುಟ್‌ಹಿಲ್‌ನಂಥ ಕಡೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ ಇದೆ. ಕ್ವಾರ್ಟರ್ ಯೂನಿಟ್ಟನ್ನು ಮೂರರಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಸೆಮಿಸ್ಟರ್ ಲೆಕ್ಕ ಸಿಗುತ್ತದೆ: 90 ಕ್ವಾರ್ಟರ್ ಯೂನಿಟ್ ಅಂದರೆ 60 ಸೆಮಿಸ್ಟರ್ ಯೂನಿಟ್.

ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವುದು ನಿಜವಾಗಿ ಆಗುತ್ತದಾ? ಎಲ್ಲಿ ಎಡವುತ್ತಾರೆ?

ಆಗುತ್ತದೆ. ಆದರೆ ಎರಡು ವರ್ಷ ಮುಗಿದ ಮೇಲೆ ಯೋಚಿಸಿದರೆ ಆಗುವುದಿಲ್ಲ, ಮೊದಲ ವಾರದಲ್ಲೇ ಗುರಿ ಗೊತ್ತಿರಬೇಕು.

ಇಲಿನಾಯ್‌ನಲ್ಲಿ ಆರ್ಟಿಕ್ಯುಲೇಷನ್ ಇನಿಷಿಯೇಟಿವ್, ಚಿಕ್ಕದಾಗಿ ಐ.ಎ.ಐ., ಎಂಬ ಒಪ್ಪಂದವಿದೆ, ಒಂದು ಕಾಲೇಜಿನ ಪಾಠವನ್ನು ಇನ್ನೊಂದು ಒಪ್ಪಿಕೊಳ್ಳಲು. ಸಾಮಾನ್ಯ ವಿಷಯಗಳ ಅದರ ಪಟ್ಟಿ 12ರಿಂದ 13 ಕೋರ್ಸು, 37ರಿಂದ 41 ಕ್ರೆಡಿಟ್: ಬರವಣಿಗೆ ಮತ್ತು ಮಾತುಗಾರಿಕೆ 9, ಗಣಿತ 3ರಿಂದ 6, ವಿಜ್ಞಾನ 7ರಿಂದ 8, ಮಾನವಿಕ ಮತ್ತು ಕಲೆ 9, ಸಮಾಜ ವಿಜ್ಞಾನ 9. ಕೋರ್ಸ್ ಪಟ್ಟಿಯಲ್ಲಿ ಕಾಲೇಜಿನ ಸ್ವಂತ ಸಂಖ್ಯೆಯ ಪಕ್ಕ ಐ.ಎ.ಐ. ಸಂಕೇತ ಇದೆಯಾ ನೋಡಿ. ಸಿ1 900 ಅಂದರೆ ಮೊದಲ ಬರವಣಿಗೆ ಕೋರ್ಸು, ಸಿ1 901ಆರ್ ಎರಡನೆಯದು, ಸಿ2 900 ಮಾತುಗಾರಿಕೆ, ಎಂ1 900-1 ಕ್ಯಾಲ್ಕುಲಸ್ ಒಂದು. ವಿಜ್ಞಾನದ ಸಂಕೇತದ ಕೊನೆಯಲ್ಲಿ ಎಲ್ ಇದ್ದರೆ ಲ್ಯಾಬ್ ಇದೆ ಎಂದರ್ಥ. ಎರಡು ವಿಜ್ಞಾನ ಕೋರ್ಸಿನಲ್ಲಿ ಒಂದಕ್ಕಾದರೂ ಲ್ಯಾಬ್ ಬೇಕು. ಎಷ್ಟೋ ಮಂದಿ ಲ್ಯಾಬ್ ಇಲ್ಲದ ಎರಡನ್ನು ಮುಗಿಸಿ ಕೂರುತ್ತಾರೆ. ಬರವಣಿಗೆಯ ಎರಡೂ ಕೋರ್ಸಿನಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬೇಕು. ಡಿ ಬಂದರೆ ಪಾಸಾದ ಹಾಗೆ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ.

ಎಂಜಿನಿಯರಿಂಗ್ ಆಸೆ ಇರುವವರು ಈ ಸಾಮಾನ್ಯ ಪಟ್ಟಿಯನ್ನೇ ಮೊದಲು ಮುಗಿಸಲು ಹೋಗಬೇಡಿ. ನಮಗೆ ಕಾಣುವ ಅತಿ ದುಬಾರಿ ತಪ್ಪು ಇದೇ. ಕ್ಯಾಲ್ಕುಲಸ್ ಒಂದು, ಎರಡು, ಮೂರು, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್ಸ್: ಒಂದರ ಹಿಂದೆ ಒಂದು ಬರಬೇಕಾದ ನಾಲ್ಕು ಸೆಮಿಸ್ಟರ್. ಭೌತಶಾಸ್ತ್ರ ಶುರು ಮಾಡಲು ಕ್ಯಾಲ್ಕುಲಸ್ ಬೇಕು. ಗಣಿತವನ್ನು ಮೊದಲ ಸೆಮಿಸ್ಟರಿನಲ್ಲಿ ಬಿಟ್ಟರೆ ಇಡೀ ಸರಪಳಿ ಒಂದು ವರ್ಷ ಹಿಂದೆ ಬೀಳಬಹುದು. ಯಾವ ಮಟ್ಟದ ಗಣಿತಕ್ಕೆ ಕೂರಿಸಬೇಕೆಂದು ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆಯನ್ನು ಓದಿಕೊಳ್ಳದೆ ಬರೆದು, ಪ್ರೀಕ್ಯಾಲ್ಕುಲಸ್‌ಗೆ ಬಿದ್ದರೆ ಇನ್ನೂ ಒಂದೆರಡು ಸೆಮಿಸ್ಟರ್ ಹೆಚ್ಚು. ಪಿಯುಸಿ ಗಣಿತ ಚೆನ್ನಾಗಿ ಓದಿದವರೂ ಎರಡು ವಾರ ತ್ರಿಕೋನಮಿತಿ, ಲಾಗರಿದಮ್ ಮೆಲುಕು ಹಾಕಿ ಹೋಗಿ.

ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ ಮತ್ತು ವಿಷಯ ಆರಿಸಿದರೆ ಯಾವ ಕೋರ್ಸು ಯಾವುದಕ್ಕೆ ಸಮ ಎಂಬುದು ಎರಡು ಸಾಲಿನಲ್ಲಿ ಎದುರುಬದುರಾಗಿ ಸಿಗುತ್ತದೆ. ಸೇರಿದ ವರ್ಷದ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಸೀಟು ಖಾತರಿಪಡಿಸುವ ಟ್ಯಾಗ್ ಎಂಬ ಒಪ್ಪಂದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಝ್ ಈ ಆರು ಕ್ಯಾಂಪಸ್‌ಗೆ ಮಾತ್ರ, ಅದರಲ್ಲೂ ಒಂದನ್ನಷ್ಟೇ ಆರಿಸಬಹುದು, ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಇನ್ನೊಂದು ಮಿತಿ: ಕಮ್ಯೂನಿಟಿ ಕಾಲೇಜಿನ 70 ಸೆಮಿಸ್ಟರ್ ಯೂನಿಟ್‌ವರೆಗೆ ಮಾತ್ರ ಈ ವಿಶ್ವವಿದ್ಯಾಲಯ ಡಿಗ್ರಿಗೆ ಲೆಕ್ಕ ಹಿಡಿಯುತ್ತದೆ.

ಡಿಗ್ರಿಯ ಹೆಸರನ್ನೂ ಗಮನಿಸಿ. ಎ.ಎ. (ಅಸೋಸಿಯೇಟ್ ಆಫ್ ಆರ್ಟ್ಸ್) ಮತ್ತು ಎ.ಎಸ್. (ಅಸೋಸಿಯೇಟ್ ಆಫ್ ಸೈನ್ಸ್) ಸಾಮಾನ್ಯವಾಗಿ ಮುಂದೆ ಓದುವವರಿಗೆ. ಎ.ಎ.ಎಸ್. ಅಂದರೆ ಅಪ್ಲೈಡ್, ನೇರ ಕೆಲಸಕ್ಕೆ. ಅದರ ಬಹಳಷ್ಟು ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯಗಳು ಒಪ್ಪದಿರಬಹುದು. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಒಂದು ವರ್ಷ ಹೋದೀತು.

ಎಚ್-4 (ಎಚ್-1ಬಿಯಂಥ ಕೆಲಸದ ವೀಸಾದವರ ಸಂಗಾತಿ, ಮಕ್ಕಳಿಗೆ ಕೊಡುವ) ವೀಸಾದಲ್ಲಿದ್ದೇನೆ. ಸೇರಬಹುದಾ?

ಸೇರಬಹುದು. ವೀಸಾ ಬದಲಾಯಿಸಬೇಕಿಲ್ಲ, ಪೂರ್ಣಾವಧಿಯೇ ಆಗಬೇಕೆಂದೂ ಇಲ್ಲ, ಸೆಮಿಸ್ಟರಿಗೆ ಒಂದೇ ಕೋರ್ಸಿನಿಂದ ಶುರು ಮಾಡಿ. ಕೆಲಸದ ಅನುಮತಿ ಪತ್ರ ಇಲ್ಲದೆ ಸಂಬಳದ ಇಂಟರ್ನ್‌ಶಿಪ್ ಮಾತ್ರ ಮಾಡುವ ಹಾಗಿಲ್ಲ. ಅಮೆರಿಕದ ಕೇಂದ್ರ ಸರ್ಕಾರ ಓದಿಗೆ ಕೊಡುವ ಪೆಲ್ ಅನುದಾನವೂ ಸಿಗದು, ಅದು ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ.

ಸ್ಥಳೀಯ ದರ ಸಿಗುತ್ತದಾ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಎಚ್-4ನವರು ಒಂದು ವರ್ಷ ಮತ್ತು ಒಂದು ದಿನದ ವಾಸ ತೋರಿಸಿ ನಿವಾಸಿ ದರ ಪಡೆಯಬಹುದು. ಇಲಿನಾಯ್‌ನಲ್ಲಿ ಡಿಸ್ಟ್ರಿಕ್ಟಿನೊಳಗಿನ ದರಕ್ಕೆ ತರಗತಿ ಶುರುವಾಗುವ ಮುಂಚೆ ಕನಿಷ್ಠ 30 ದಿನದ ವಾಸ ಬೇಕು. ತೊಂದರೆ ಬರುವುದು ದಾಖಲೆಯಲ್ಲಿ: ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಬ್ಯಾಂಕ್ ಖಾತೆ ಎಲ್ಲವೂ ಗಂಡನ ಹೆಸರಲ್ಲೇ ಇರುತ್ತವೆ. ಬಂದ ತಿಂಗಳೇ ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ, ರಾಜ್ಯದ ಗುರುತಿನ ಚೀಟಿ ಮಾಡಿಸಿಕೊಳ್ಳಿ.

ಬೇಸಿಗೆಗೆ ಬರುವ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಕೋರ್ಸಿಗೆ ಸೇರಬಹುದಾ?

ಇಲ್ಲ. ಕ್ರೆಡಿಟ್ ಸಿಗುವ ಓದಿಗೆ ಬಿ-2 ವೀಸಾದಲ್ಲಿ ಅವಕಾಶವಿಲ್ಲ.

ಭಾರತದಿಂದ ನೇರವಾಗಿ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕಮ್ಯೂನಿಟಿ ಕಾಲೇಜಿಗೆ ಹೋಗಬಹುದಾ?

ಐ-20 (ಈ ವೀಸಾಕ್ಕೆ ಬೇಕಾದ ಪ್ರವೇಶದ ಪತ್ರ) ಕೊಡುವ ಅಧಿಕಾರ ಇರುವ ಕಾಲೇಜಾದರೆ ಹೋಗಬಹುದು, ಎಲ್ಲಕ್ಕೂ ಅದಿಲ್ಲ. ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು, ಆ ಲೆಕ್ಕಕ್ಕೆ ಆನ್‌ಲೈನ್ ಕೋರ್ಸು ಒಂದು ಮಾತ್ರ ಸಲ್ಲುತ್ತದೆ. ಶುಲ್ಕ ಹೊರಗಿನವರ ದರ, ಯೂನಿಟ್‌ಗೆ 46 ಡಾಲರ್ ಎಂದು ನಂಬಿ ಬಜೆಟ್ ಹಾಕಬೇಡಿ. ಅಸೋಸಿಯೇಟ್ ಡಿಗ್ರಿಯ ನಂತರ ಕೆಲಸದ ತರಬೇತಿಗೆ 12 ತಿಂಗಳು ಸಿಗಬಹುದು, ವಿಜ್ಞಾನ ತಂತ್ರಜ್ಞಾನದವರಿಗೆ ಕೊಡುವ 24 ತಿಂಗಳ ವಿಸ್ತರಣೆ ಬ್ಯಾಚಲರ್ ಡಿಗ್ರಿಯಿಂದ ಮೇಲಕ್ಕೆ ಮಾತ್ರ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ಹೊತ್ತಿಗೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಬರೆದು ಲಿಖಿತ ಉತ್ತರ ಪಡೆಯಿರಿ.

ಮಗಳು ಹೈಸ್ಕೂಲಿನಲ್ಲಿದ್ದಾಳೆ. ಈಗಲೇ ಅಲ್ಲಿ ಕೋರ್ಸು ತೆಗೆದುಕೊಳ್ಳಲಿ ಅಂತಿದ್ದೇವೆ.

ಡ್ಯೂಯಲ್ ಎನ್‌ರೋಲ್‌ಮೆಂಟ್ ಎಂಬ ಈ ದಾರಿ ಒಳ್ಳೆಯದೇ. ಆದರೆ ಆ ಗ್ರೇಡ್ ಅವಳ ಕಾಲೇಜು ದಾಖಲೆಗೆ ಶಾಶ್ವತವಾಗಿ ಸೇರುತ್ತದೆ, ಹತ್ತು ವರ್ಷದ ನಂತರ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗಲೂ ಆ ಟ್ರಾನ್ಸ್‌ಕ್ರಿಪ್ಟ್ ಕಳಿಸಬೇಕು. ಪಕ್ಕದ ಮನೆಯವರ ಮಗ ಮೂರು ತೆಗೆದುಕೊಂಡ ಅಂತ ಇವಳಿಗೂ ಮೂರು ಹೇರಬೇಡಿ. ಒಂದರಿಂದ ಶುರು ಮಾಡಲಿ, ಕಷ್ಟ ಅನ್ನಿಸಿದರೆ ಗ್ರೇಡ್ ಬೀಳುವ ಮುಂಚೆ ಕೈಬಿಡುವ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ.

ಭಾರತದಲ್ಲಿ ಕಮ್ಯೂನಿಟಿ ಕಾಲೇಜು ಇದೆಯಾ?

ಇದೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ, 1996ರಲ್ಲಿ ಚೆನ್ನೈನ ಮದ್ರಾಸ್ ಕಮ್ಯೂನಿಟಿ ಕಾಲೇಜು ಮೊದಲು ಶುರು ಮಾಡಿದವು. ಆಮೇಲೆ ಯುಜಿಸಿ ಯೋಜನೆ ಬಂತು. ಅದರಲ್ಲಿ ಡಿಪ್ಲೊಮಾಗೆ 60 ಕ್ರೆಡಿಟ್, ಅಡ್ವಾನ್ಸ್ಡ್ ಡಿಪ್ಲೊಮಾಗೆ 120. ಒಂದು ಕ್ರೆಡಿಟ್ ಅಂದರೆ ಒಂದೊಂದು ಗಂಟೆಯ 15 ಪೀರಿಯಡ್. ಪಾಠದಲ್ಲಿ 60 ಪಾಲು ಕೌಶಲ, 40 ಪಾಲು ಸಾಮಾನ್ಯ ಶಿಕ್ಷಣ. ನಮ್ಮಲ್ಲಿ ಇದು ಮುಖ್ಯವಾಗಿ ಉದ್ಯೋಗದ ಕಲಿಕೆ, ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಏಣಿ ಅಲ್ಲ. ಸೇರುವ ಮುಂಚೆ ಇಲ್ಲೂ ಅದೇ ಪ್ರಶ್ನೆ ಕೇಳಿ: ಈ ಕ್ರೆಡಿಟ್ಟನ್ನು ಮುಂದೆ ಯಾವ ಕಾಲೇಜು, ಯಾವ ಕೋರ್ಸಿಗೆ ಒಪ್ಪುತ್ತದೆ?

ಬಿ.ಕಾಂ., ಬಿ.ಎಸ್ಸಿ. ಆಗಿದೆ. ಅಲ್ಲಿ ಮತ್ತೆ ಮೊದಲಿಂದ ಓದಬೇಕಾ?

ಎಲ್ಲವನ್ನೂ ಅಲ್ಲ. ಅಕೌಂಟಿಂಗ್, ಪೇರೋಲ್, ಡೆಂಟಲ್ ಅಸಿಸ್ಟಿಂಗ್‌ನಂಥ ಸರ್ಟಿಫಿಕೇಟುಗಳಿಗೆ ಹಳೇ ಡಿಗ್ರಿಯ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಹಳೇ ವಿಷಯಕ್ಕೆ ಕ್ರೆಡಿಟ್ ಬೇಕಾದರೆ ಕಾಲೇಜು ಒಪ್ಪುವ ಮೌಲ್ಯಮಾಪನ ಸಂಸ್ಥೆಯಿಂದ ಒಂದೊಂದು ವಿಷಯದ ವಿವರವಾದ ವರದಿ ಮಾಡಿಸಬೇಕು, ಡಿಗ್ರಿಗೆ ಸಮ ಎಂದಷ್ಟೇ ಹೇಳುವ ಚಿಕ್ಕ ವರದಿ ಸಾಲದು. ನರ್ಸಿಂಗ್‌ಗೆ ಪ್ರವೇಶ ಎಲ್ಲರಿಗೂ ಮುಕ್ತವಲ್ಲ, ಸೀಟು ಕಡಿಮೆ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ ಈ ಮೂರನ್ನೂ ಲ್ಯಾಬ್ ಸಮೇತ ಮುಂಚೆಯೇ ಮುಗಿಸಿರಬೇಕು, ಹಲವು ಕಾಲೇಜು ಇವು ಇತ್ತೀಚಿನ ವರ್ಷಗಳದ್ದೇ ಆಗಿರಬೇಕು ಅನ್ನುತ್ತವೆ.

ವಿಮಾನ ಹತ್ತುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ ಒಂದಿದೆ: ವಿಶ್ವವಿದ್ಯಾಲಯದಿಂದ ಸೀಲು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್‌ನ ನಾಲ್ಕೈದು ಪ್ರತಿ, ಪ್ರತಿ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಆಯಾ ವರ್ಷದ ಸಿಲಬಸ್‌ಗೆ ಕಾಲೇಜಿನ ಮೊಹರು. ಸೀಲು ಒಡೆದ ಲಕೋಟೆಯನ್ನು ಅಲ್ಲಿ ಅಧಿಕೃತ ಎಂದು ಒಪ್ಪುವುದಿಲ್ಲ. ಅಲ್ಲಿಗೆ ಹೋದ ಮೇಲೆ ತರಿಸಿಕೊಳ್ಳಲು ನೋಡಿದರೆ ಊರಲ್ಲಿರುವ ಅಣ್ಣನೋ ತಂಗಿಯೋ ಕೌಂಟರಿನಿಂದ ಕೌಂಟರಿಗೆ ಅಲೆಯಬೇಕು, ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿರುತ್ತದೆ.